ಹದಿನೇಳನೆಯ ಹಾಳೆ

ರಿಜೆ ಸೀಮೆ
ಸೆಪ್ಟೆಂಬರ್ 21, 2018

ಪ್ರೀತಿಯ ನೆವಿನ್ ಅಕ್ಕನಿಗೆ,

ನಿನ್ನ ಅಮ್ಮನ ಕೈಗಳಿಗೆ ನನ್ನ ಮುತ್ತು, ಮಕ್ಕಳ ಕಣ್ಣುಗಳಿಗೂ. ಇಲ್ಲಿ ಚಹಾದ ಮೂರನೆಯ ಕೊಯ್ಲು ನಡೆಯುತ್ತಿದೆ, ಎಲ್ಲರೂ ಕ್ಷೇಮ ಎಂದು ಬರೆಯಬೇಕಿತ್ತು, ಬರೆಯಲಾರೆ.

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ತಡವಾಗಿದ್ದಕ್ಕೆ ಕ್ಷಮಿಸು. ಮೊದಲ ಹತ್ತು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ನಮ್ಮ ಆಸ್ಪತ್ರೆಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಆಮೇಲಿನ ಎಂಟು ದಿನ ಅದನ್ನು ತೆರೆದು ನೋಡುವ ಮುಖ ನನಗಿರಲಿಲ್ಲ.

ಭುಜದ ನೋವಿನವರಿಗಾಗಿ ತುರ್ಕಿ ಭಾಷೆಯಲ್ಲಿರುವ ಪ್ರಶ್ನಾವಳಿಗಳನ್ನೆಲ್ಲ ಮೊರಕ್ಕೆ ಹಾಕಿ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಕೇರುತ್ತಿರುವುದಾಗಿ ನೀನು ಬರೆದಿದ್ದೆ. ನಮ್ಮೂರಿನ ಚಹಾ ಕೀಳುವ ಹೆಂಗಸರಲ್ಲಿ ನಾನು ಪರೀಕ್ಷಿಸಿದ ಪ್ರಶ್ನಾವಳಿಯೂ ಅವುಗಳಲ್ಲಿತ್ತು. ‘ಒಂದು ವಾರ ಬಿಟ್ಟು ಮತ್ತೆ ಕೇಳಿದಾಗಲೂ ನಿನ್ನ ಅರವತ್ತು ಮಂದಿ ಹೆಂಗಸರು ಅದೇ ಉತ್ತರ ಕೊಟ್ಟಿದ್ದಾರೆ. ಇಷ್ಟು ಸ್ಥಿರವಾದದ್ದು ಇನ್ನೊಂದು ಸಿಗಲಿಲ್ಲ. ಅಂಕಾರಾದ ಸಭೆಯಲ್ಲಿ ನಿನ್ನದನ್ನೇ ಮೊದಲು ಇಡುತ್ತೇನೆ, ಎಲ್ಲ ಆಸ್ಪತ್ರೆಗಳೂ ಇದನ್ನೇ ಬಳಸಲಿ’ ಎಂದಿದ್ದೆ.

ಇಡಬೇಡ ಅಕ್ಕ.

ಯಾಕೆ ಎಂಬ ಕಥೆಯನ್ನು ಮೊದಲು ಹೇಳಿದ್ದು ನಾನಲ್ಲ, ಸಾಕಿನೆ ಚಿಕ್ಕಮ್ಮ. ಹೋದ ವಾರ ಗುರುವಾರ, ಚಹಾ ತೂಗುವ ಕಟ್ಟೆಯ ಮೇಲೆ. ಅರವತ್ತು ದಾಟಿದವಳು, ಚಿಕ್ಕಂದಿನಿಂದ ಚಹಾ ಕತ್ತರಿ ಹಿಡಿದವಳು, ಕಲ್ಲನ್ನೂ ನಗಿಸಬಲ್ಲವಳು. ಲಾರಿ ಬಂದಿರಲಿಲ್ಲ. ಹೆಂಗಸರು ಮೂಟೆಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನನ್ನ ಹೆಂಡತಿ ಜೆಲಿಹಾಳೂ ಅಲ್ಲಿದ್ದಳು. ಅವಳನ್ನು ಕರೆದೊಯ್ಯಲು ಬಂದ ನಾನು ಮೂಟೆಗಳ ರಾಶಿಯ ಹಿಂದೆ ನಿಂತಿದ್ದು ಯಾರಿಗೂ ಕಾಣಲಿಲ್ಲ.

“ನಮ್ಮ ರುಸ್ತೆಮ್ ಬಂದ ಕಣ್ರೇ, ಕೈಲಿ ಕಾಗದ, ಕಿವಿ ಮೇಲೆ ಪೆನ್ನು,” ಎನ್ನುತ್ತಿದ್ದಳು ಸಾಕಿನೆ. “‘ಚಿಕ್ಕಮ್ಮ, ಬೆನ್ನು ಉಜ್ಜಿಕೊಳ್ಳೋಕೆ ಆಗುತ್ತಾ?’ ಅಂದ. ನನ್ನ ಪಕ್ಕ ಯಾರು ಕೂತಿದ್ರು? ನಮ್ಮತ್ತೆ. ಬಾಯಲ್ಲಿ ಒಂದು ಹಲ್ಲಿಲ್ಲ, ಕಿವಿ ಮಾತ್ರ ಎರಡೂ ಚುರುಕು. ಆಗಲ್ಲ ಅಂದ್ರೆ ಬಿಡ್ತಾಳಾ? ‘ನಾನು ಒಂಬತ್ತು ಹೆತ್ತು ಬುಟ್ಟಿ ಹೊತ್ತೆ, ಈ ಮಹಾರಾಣಿಗೆ ಬೆನ್ನು ಉಜ್ಜೋಕಾಗಲ್ವಂತೆ’ ಅಂತ ಊರೆಲ್ಲಾ ಸಾರಿಬಿಡ್ತಾಳೆ. ‘ದೇವರ ದಯೆ, ಎಲ್ಲಾ ಆಗುತ್ತೆ ಮಗ’ ಅಂದೆ.”

“ನಿಂದಾದ್ರೂ ಬೆನ್ನು,” ಎಂದಳು ಇನ್ನೊಬ್ಬಳು. “ನನ್ನನ್ನ ನಮ್ಮೋರ ಮುಂದೇನೇ ಕೇಳಿದ, ಒಳಂಗಿ ಹುಕ್ಕು ಹಿಂದೆ ಕೈ ಹಾಕಿ ಹಾಕ್ಕೋತೀಯಾ ಅಂತ.”

“ನೀನೇನಂದೆ?”

“ದೇವರ ದಯೆ ಅಂದೆ.”

ಒಬ್ಬಳು ನಗುತ್ತ ನಗುತ್ತ ಮೂಟೆಯಿಂದ ಜಾರಿದಳು. ಆ ಪ್ರಶ್ನೆಯನ್ನು ನಾನು ತಲೆ ತಗ್ಗಿಸಿ ಗಡಿಬಿಡಿಯಲ್ಲಿ ಓದಿದ್ದು ನನಗೂ ನೆನಪಾಯಿತು.

“ವಾರ ಬಿಟ್ಟು ಮತ್ತೆ ಬಂದ,” ಎಂದಳು ಸಾಕಿನೆ. “ಅದೇ ಕಟ್ಟೆ, ಅದೇ ಅತ್ತೆ. ನಾನೂ ಅದೇ ಅಂದೆ. ಏನು ಖುಷಿ ಅಂತೀರಿ ಅವನಿಗೆ! ಪಾಪ, ಅಷ್ಟು ಓದಿದೋನು, ಯಾಕೆ ಬೇಜಾರು ಮಾಡ್ಲಿ?”

ಹೀಗೆನ್ನುವಾಗ ಅವಳ ಬಲಗೈ ಮಡಿಲಿನಲ್ಲೇ ಬಿದ್ದಿತ್ತು. ಟೀ ಲೋಟ ಎಡಗೈಯಲ್ಲಿತ್ತು.

ಹಾಳೆಯನ್ನು ರೋಗಿಯ ಕೈಗೆ ಕೊಡು, ಒಬ್ಬಳೇ ಕೂತು ತುಂಬಲಿ ಎಂದು ನೀನು ಕಾಲೇಜಿನಲ್ಲಿ ನನಗೆ ಎಷ್ಟು ಸಲ ಹೇಳಿದ್ದೆ. ಕಟ್ಟೆಯ ಮೇಲೆ ಎಲ್ಲರೂ ಒಟ್ಟಿಗೆ ಸಿಗುತ್ತಾರೆ, ಬೇಗ ಮುಗಿಯುತ್ತದೆ ಎಂದು ನಾನೇ ಗಟ್ಟಿಯಾಗಿ ಓದಿ ಗುರುತು ಹಾಕಿಕೊಂಡೆ. ನಾನು ಈ ಊರಿನಲ್ಲೇ ಹುಟ್ಟಿದವನು. ಅತ್ತೆಯ ಎದುರು ಸೊಸೆ ‘ದೇವರ ದಯೆ’ ಎಂದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ‘ತೊಂದರೆ ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅಂಕಗಳು ಚೆಂದವಾಗಿ ಹೊಂದಿಕೊಂಡು ಬರುತ್ತಿದ್ದವು. ಒಂದೇ ಸುಳ್ಳನ್ನು ಎರಡು ಸಲ ಕೇಳಿಸಿಕೊಂಡು ಅದನ್ನು ಸ್ಥಿರತೆ ಎಂದು ಬರೆದು ಕಳಿಸಿದೆ. ಈಗ ನಮ್ಮ ಆಸ್ಪತ್ರೆಯಲ್ಲಿ ಯಾರನ್ನು ಶಸ್ತ್ರಚಿಕಿತ್ಸೆಯ ವೈದ್ಯರ ಬಳಿ ಕಳಿಸಬೇಕು, ಯಾರ ಕೈಗೆ ಮುಲಾಮು ಕೊಟ್ಟು ಮನೆಗೆ ಕಳಿಸಬೇಕು ಎಂಬುದನ್ನು ಆ ಅಂಕ ನೋಡಿಯೇ ತೀರ್ಮಾನಿಸುತ್ತೇವೆ. ನೀನು ಸಭೆಯಲ್ಲಿ ಹೊಗಳಿದರೆ ದೇಶವೆಲ್ಲ ಹಾಗೇ ಮಾಡುತ್ತದೆ.

ನಾನು ಮೂಟೆಗಳ ಹಿಂದಿನಿಂದ ಬಂದೆ.

“ಚಿಕ್ಕಮ್ಮ, ಆ ಕೈ ಎತ್ತು ನೋಡೋಣ,” ಎಂದೆ.

ಅವಳು ನೆರಳಲ್ಲಿ ತೂಕಡಿಸುತ್ತಿದ್ದ ತನ್ನ ಅತ್ತೆಯ ಕಡೆ ನೋಡಿದಳು. “ಇಲ್ಲಿ ಬೇಡ ಮಗ.”

“ಹಾಗಾದ್ರೆ ಎಲ್ಲರೂ ನಾಳೆ ಆಸ್ಪತ್ರೆಗೆ ಬನ್ನಿ. ಬಾಗಿಲು ಹಾಕ್ತೀನಿ, ಹಾಳೆ ನಿಮ್ಮ ಕೈಗೇ ಕೊಡ್ತೀನಿ.”

ಜೆಲಿಹಾ ತನ್ನ ಲೋಟದೊಳಗೆ ನೋಡುತ್ತ ಕೂತಿದ್ದಳು.

ನನ್ನ ಹೆಸರನ್ನು ನಿನ್ನ ಪಟ್ಟಿಯಿಂದ ಹೊಡೆದುಹಾಕು. ಕಾರಣ ಕೇಳಿದವರಿಗೆ ಈ ಪತ್ರವನ್ನೇ ಓದಿ ಹೇಳು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಕೈ ಯಾವತ್ತೂ ನೋಯದಿರಲಿ.

ನಿನ್ನ ತಮ್ಮ,
ರುಸ್ತೆಮ್

ಮರೆತ ಮಾತು: ಮರೆತದ್ದಲ್ಲ. ಮರುದಿನ ಬೆಳಿಗ್ಗೆ ಏನಾಯಿತೆಂದು ಹೇಳದೆ ಸಹಿ ಹಾಕಿಬಿಟ್ಟೆ.

ಹನ್ನೊಂದು ಮಂದಿ ಹೆಂಗಸರು ಬಂದರು, ಮನೆಯಲ್ಲಿ ಬಿ.ಪಿ. ಮಾತ್ರೆ ತರುತ್ತೇವೆಂದು ಹೇಳಿ. ಸಾಕಿನೆಯ ಕೈ ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲ ಹೊರಗೆ, ಚೀಟಿ ಹಿಡಿದು ಸರದಿಯಲ್ಲಿ ಕೂತಿದ್ದವಳು ಜೆಲಿಹಾ.

ಆ ಅರವತ್ತರಲ್ಲಿ ಹದಿನೇಳನೆಯ ಹಾಳೆ ಅವಳದು. ಕಟ್ಟೆಯ ಮೇಲೆ ಪ್ರಶ್ನೆ ಕೇಳಿದ ದಿನ ಅವಳ ಪಕ್ಕ ಕೂತಿದ್ದವಳು ನನ್ನ ಅಮ್ಮ. ನಾಲ್ಕು ವರ್ಷದಿಂದ ಜೆಲಿಹಾ ತಲೆವಸ್ತ್ರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಗಂಟು ಹಾಕುತ್ತಾಳೆ. ನಾನು ಎದುರಿಗೆ ಕೂತು ಬೆಳಗಿನ ತಿಂಡಿಯ ಆಲಿವ್ ತಿನ್ನುತ್ತಿರುತ್ತೇನೆ. ಅವಳ ಹಾಳೆಗೂ ‘ತೊಂದರೆ ಇಲ್ಲ’ ಎಂದು ಗುರುತು ಹಾಕಿ, ಆ ಅಂಕ ನೋಡಿ ವೈದ್ಯರ ಪಟ್ಟಿಗೆ ಅವಳ ಹೆಸರು ಸೇರಿಸದೆ ಬಿಟ್ಟವನು ನಾನೇ. ಈ ವಾರ ಅವಳ ಭುಜದ ಸ್ಕ್ಯಾನ್ ಮಾಡಿಸಿದೆವು. ಹರಿದ ಸ್ನಾಯುರಜ್ಜು ಒಳಗೆ ಸರಿದುಹೋಗಿದೆಯಂತೆ, ಇನ್ನು ಹೊಲಿಗೆ ನಿಲ್ಲುವುದಿಲ್ಲವಂತೆ.

ಆ ಬೆಳಿಗ್ಗೆ ಅಭ್ಯಾಸಬಲದಿಂದ ನಾನೇ ಓದಿದೆ: “ತಲೆ ಬಾಚಿಕೊಳ್ಳೋಕೆ ಆಗುತ್ತಾ?”

“ದಿನಾ ನಿಮ್ಮೆದುರೇ ಬಾಚ್ಕೋತೀನಲ್ಲ,” ಎಂದಳು. “ನೀವೇ ಹೇಳಿ.”

ಅವಳು ನನ್ನ ಕೈಕೆಳಗಿದ್ದ ಹಾಳೆ ಎಳೆದುಕೊಂಡು, ಕಿಟಕಿಯ ಹತ್ತಿರದ ಕುರ್ಚಿಗೆ ಹೋಗಿ, ಎಡಗೈಯಲ್ಲಿ ಪೆನ್ನು ಹಿಡಿದು ಒಂದೊಂದಾಗಿ ತುಂಬಿದಳು. ಗುರುತುಗಳು ಸೊಟ್ಟಗಿವೆ, ಕೆಲವು ಗೆರೆ ದಾಟಿವೆ. ಅದನ್ನು ಈ ಪತ್ರದೊಳಗೆ ಇಟ್ಟಿದ್ದೇನೆ.