ಭಾವನ ಕುರ್ಚಿಯ ಕೆಳಗೆ

ಅಕ್ಕಾ,

ಭಾವನ ದವಡೆ ಮುರಿದವನು ನಾನೇ. ಬೇರೆಯವರು ಬಂದು ಹೇಳುವ ಮೊದಲು ನಿನಗೆ ತಿಳಿಯಲಿ ಎಂದು ಠಾಣೆಯಿಂದಲೇ ಬರೆಯುತ್ತಿದ್ದೇನೆ.

ಅವನ ಕಚೇರಿಯಲ್ಲಿ ನೆಲದಡಿಯಿಂದ ಬರುವ ತಂಪು ಗಾಳಿ ಯಾರಿಗೆ ಎಷ್ಟು ತಲುಪುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಟ್ಟವನು ನಾನಲ್ಲವೇ? ಅಳೆದು ನೋಡಿದರೆ ಎಲ್ಲ ಕಡೆ ಲೆಕ್ಕ ಕೂಡಿಬಂತು. ಭಾವನ ಕುರ್ಚಿಯ ಬಳಿ ಮಾತ್ರ ಬಿಸಿ ನಾಲ್ಕು ಡಿಗ್ರಿ ಹೆಚ್ಚು. ನನ್ನ ಲೆಕ್ಕವೇ ತಪ್ಪೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಇವತ್ತು ಬೆಳಿಗ್ಗೆ ಅಲ್ಲಿ ನೆಲಕ್ಕೆ ಹಾಕಿದ್ದ ಕಬ್ಬಿಣದ ಜಾಲರಿ ಎತ್ತಿ ನೋಡಿದರೆ, ಗಾಳಿಗೆ ಅಡ್ಡವಾಗಿ ನಿನ್ನ ಕೈಚೀಲ! ಕಳೆದುಹಾಕಿದೆ ಎಂದು ನಿನ್ನ ಎಡಗೈ ಮುರಿಯುವಂತೆ ಹೊಡೆದನಲ್ಲ, ಅದೇ ಚೀಲ. ಒಳಗೆ ನಿನ್ನ ಕೆಲಸದ ಆದೇಶವೂ ಹಾಗೇ ಇತ್ತು.

"ಅವಳು ಕೆಲಸಕ್ಕೆ ಹೋದ್ರೆ ಮನೆ ನೋಡ್ಕೊಳ್ಳೋರು ಯಾರು ಅಂತ ನಿಮ್ಮಕ್ಕನ್ನೇ ಕೇಳೋ," ಎಂದು ಭಾವ ನಕ್ಕ. ಜಾಲರಿ ಇನ್ನೂ ಕೈಯಲ್ಲೇ ಇತ್ತು. ನಗು ನಿಲ್ಲುವವರೆಗೂ ಬಾರಿಸಿದೆ. ನಿಂತ ಮೇಲೂ ಎರಡು ಬಾರಿಸಿದೆ. ನಾಲ್ಕು ಜನ ಸೇರಿ ನನ್ನನ್ನು ಎಳೆದರು.

ಆಸ್ಪತ್ರೆಗೆ ಓಡಬೇಡ. ಅಮ್ಮನಿಗೆ ನಿಧಾನವಾಗಿ ಹೇಳು. ಚೀಲ ಪೊಲೀಸರು ಇಟ್ಟುಕೊಂಡಿದ್ದಾರೆ. ಆದೇಶವನ್ನು ಮಾತ್ರ ಅವರಿಂದ ಬೇಡಿ ಪಡೆದು ಇದರ ಜೊತೆ ಇಟ್ಟಿದ್ದೇನೆ. ಸೇರಲು ಸೋಮವಾರವೇ ಕೊನೆ. ಆದೇಶದ ಮೂಲೆಯಲ್ಲಿರುವ ರಕ್ತವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡ, ಸಹಿ ಅಳಿಸಿಹೋದೀತು.

ನಿನ್ನ ತಮ್ಮ