ಬೆನ್ನಿಗೆ ಬೀಗ ಹಾಕೋ ಊರಿಂದ

ಮಾಲೂರು ಹೆಂಚಿನ ಗೂಡು
ಫೆಬ್ರವರಿ ೩೧, ೨೩೧೪

ಮುನ್ನೂರು ವರ್ಷ ಹಿಂದಿರೋ ದೊಡ್ಡೋರಿಗೆ,

ತಾರೀಖು ನೋಡಿ ನಗ್ಬೇಡಿ. ಕೆಲ್ಸ ಜಾಸ್ತಿ ಆಗ್ಲಿ ಅಂತ ನಮ್ಮ ಹೆಂಚು ಸುಡೋ ಗೂಡಿನ ಯಜಮಾನ್ರು ಫೆಬ್ರವರಿಗೂ ಮೂವತ್ತೊಂದು ದಿನ ಮಾಡವ್ರೆ. ನನ್ನ ಮಾತು ವಿಚಿತ್ರ ಅನ್ಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾಕನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು, ಹೆಸರು ಮುನಿಚೌಡ.

ಬಿಸಿ ಮುಟ್ಟಿದ್ರೆ ನಿಮ್ಮ ಕೈ ಥಟ್ಟಂತ ಹಿಂದಕ್ಕೆ ಬರುತ್ತಲ್ಲ, ಅದನ್ನ ನೀವು ಯೋಚ್ನೆ ಮಾಡಿ ಎಳ್ಕೊಳಲ್ಲ. ಚರ್ಮದಿಂದ ಸುದ್ದಿ ನರದಲ್ಲಿ ಓಡಿ ಬೆನ್ನುಹುರಿಗೆ ಬರುತ್ತೆ. ಅಲ್ಲಿಂದ್ಲೇ ತೋಳಿಗೆ ‘ಎಳ್ಕೋ’ ಅಂತ ಅಪ್ಪಣೆ ಹೋಗುತ್ತೆ. ಮೆದುಳಿಗೆ ಉರಿ ಗೊತ್ತಾಗೋದು ಆಮೇಲೆ. ಇದನ್ನ ನಂಗೆ ಹೇಳಿದ್ದು ಕಾಂಪೌಂಡರ್ರು, ಅಕ್ಕನ ಕೈ ಸುಟ್ಟ ಮೇಲೆ.

ಇಲ್ಲಿ ಆ ಅಪ್ಪಣೆಗೇ ಬೀಗ. ಬೆನ್ನುಬೀಗ ಅಂತೀವಿ, ಕತ್ತಿನ ಹಿಂದೆ ಅಕ್ಕಿಕಾಳಷ್ಟು ಲೋಹ. ಕತ್ತಿಂದ ಕೆಳಗೆ ಯಾವ್ದೂ ತಾನಾಗೇ ಬೆಚ್ಚಲ್ಲ. ಕೈ ಬೆಚ್ಚಿದ್ರೆ ಹೆಂಚು ಬಿದ್ದು ಒಡೆಯುತ್ತಲ್ಲ, ಅದಕ್ಕೆ. ನಾವೋ, ಇದನ್ನೇ ಮರ್ಯಾದೆ ಮಾಡ್ಕೊಂಡ್ವಿ. ಹೆಣ್ಣು ನೋಡೋಕೆ ಬಂದೋರು ಮಂಡಿ ಕೆಳಗೆ ಸೌಟಲ್ಲಿ ತಟ್ಟಿ ನೋಡ್ತಾರೆ. ಕಾಲು ಎಗರದಿದ್ರೆ ಒಳ್ಳೆ ಮನೆತನ. ನಮ್ಮಕ್ಕ ವೆಂಕಟಲಚ್ಚಿ ಕಾಲು ಎಗರಲಿಲ್ಲ. ‘ನಮ್ಮಕ್ಕ ಕಲ್ಲು ಇದ್ದಂಗೆ’ ಅಂತ ಮೀಸೆ ತಿರುವಿದ್ದು ನಾನೇ. ಥೂ ನನ್ನ ಬಾಯಿಗೆ!

ಬಾಣಂತನ ಮುಗ್ಸಿ ಕೆಲ್ಸಕ್ಕೆ ಹೋದ ಮೂರನೇ ದಿನ, ಕಾದ ಹೆಂಚಿನ ಮೇಲೆ ಅವಳ ಬಲಗೈ ಬಿತ್ತು. ಬಿದ್ದ ಕೈ ಅಲ್ಲೇ ಇತ್ತು. ‘ಉರಿ ಗೊತ್ತಾಯ್ತು ಕಣೋ ಚೌಡ, ಆದ್ರೆ ಕೈ ನನ್ನ ಅಪ್ಪಣೆಗೆ ಕಾಯ್ತಾ ಕೂತಿತ್ತು, ನಾನು ಎಳ್ಕೊಳ್ಳೋಷ್ಟ್ರಲ್ಲಿ ಬೆಂದೋಗಿತ್ತು’ ಅಂದ್ಲು. ಆಮೇಲೆ ನಕ್ಕಳು, ‘ಹೆಬ್ಬೆಟ್ಟೇ ಇಲ್ಲ, ಇನ್ಮೇಲೆ ಯಾರೂ ನನ್ನ ರುಜು ಕೇಳಂಗಿಲ್ಲ ಬಿಡು.’

ಅವಳ ರುಜು ಕೇಳ್ಲಿಲ್ಲ, ಗೂಡಿನೋರು ನನ್ನ ರುಜು ಕೇಳಿದ್ರು. ಅಕ್ಕನ ಮಗಳಿಗೀಗ ಎರಡು ತಿಂಗಳು, ಬೀಗ ಹಾಕೋ ವಯಸ್ಸು. ಕಿವಿ ಚುಚ್ಚಿಸೋ ಹಾಗೇ ಸೋದರಮಾವನ ತೊಡೆ ಮೇಲೆ ಕೂರಿಸಿ ಹಾಕ್ತಾರೆ. ಒಪ್ಪಿಗೆ ಅಂತ ಹೆಬ್ಬೆಟ್ಟು ಒತ್ತೋಕೆ ನಾಳೆ ಬೆಳಗ್ಗೆ ಬಾ ಅಂದವ್ರೆ.

ಮಗು ಅಂಗೈಗೆ ಬೆರಳು ತಾಗಿದ್ರೆ ಸಾಕು, ಬಿಗಿಯಾಗಿ ಹಿಡ್ಕೊಳ್ತಾಳೆ. ಪ್ರೀತಿಗಲ್ಲ, ನಾನ್ಯಾರು ಅಂತಾನೂ ಗೊತ್ತಿಲ್ಲ ಅವಳಿಗೆ. ಯಾರೂ ಕಲಿಸದೇ ಬಂದಿರೋ ಹಿಡಿತ. ಬೀಗ ಬಿದ್ರೆ ಅದೂ ಸತ್ತೋಯ್ತದೆ.

ನಾನು ಹೆಬ್ಬೆಟ್ಟು ಒತ್ತಲ್ಲ. ಒತ್ತದಿದ್ರೆ ನಮಗೆ ನೀರು ಬಂದ್, ಗೂಡಿಂದ ಆಚೆ ಎರಡು ದಿನದ ದಾರಿ ಬರೀ ಸುಡೋ ಬಯಲು. ‘ಹೋಗೋಣ ನಡಿ’ ಅಂದವ್ಳೆ ಅಕ್ಕ. ಬದುಕ್ತೀವೋ ಇಲ್ವೋ.

ಈ ಬೀಗ ಮಾರೋ ಮೊದಲ್ನೇ ಮನುಷ್ಯ ನಿಮ್ಮಲ್ಲಿಗೆ ಇನ್ನೂ ಬಂದಿರಲ್ಲ. ಬರ್ತಾನೆ, ಒಳ್ಳೆ ಮಾತಾಡ್ಕೊಂಡೇ ಬರ್ತಾನೆ. ಕೈ ಮುಗೀತೀನಿ, ಬಾಗ್ಲಲ್ಲೇ ಅಟ್ಟಿ. ನೀವು ಅಟ್ಟಿದ್ರೆ, ಇಲ್ಲಿ ನಮ್ಮಕ್ಕ ಎರಡು ಕೈಲೂ ಮಗೂನ ಎತ್ಕೋತಾಳೆ.

ಮುನಿಚೌಡ