ಎಪ್ಪತ್ತರ ಮೇಲಿದ್ದರೆ ಭಯವಿಲ್ಲ

ತರಗತಿ ಕೋಣೆ,
ಶನಿವಾರ, ಹದಿನಾಲ್ಕನೇ ತಾರೀಖು

ನನ್ನ ಮಗಳ ಅಪ್ಪನಿಗೆ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ತಲೆ ಚಿಟ್ಟುಹಿಡಿದಿದೆ. ಬೇರೆಯಾದ ಮೇಲೂ ಒಂದೇ ಹಾರಾಟ ಶಾಲೆಯಲ್ಲಿ ನೀನು ವಿಮಾನದೊಳಗೆ, ನಾನು ಕಪ್ಪುಹಲಗೆಯ ಮುಂದೆ ದುಡಿಯುತ್ತಾ, ಎರಡು ವರ್ಷದಿಂದ ಈ ಕಾಗದದ ಖಾನೆಗಳ ಮೂಲಕವೇ ಮಾತಾಡಿಕೊಂಡಿದ್ದೇವೆ. ಇದನ್ನೂ ನಿನ್ನ ಖಾನೆಯಲ್ಲೇ ಇಡುತ್ತೇನೆ.

ನಮ್ಮ ಗುಬ್ಬಿಯ ಒಂಟಿ ಹಾರಾಟದ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಸೋಮವಾರ ಅವಳು ಒಬ್ಬಳೇ ಹಾರುವುದು ಬೇಡ. ಅವಳ ಕೈ ಹದವಾಗಿದೆ, ಇಂಥ ಕೈ ಅಪರೂಪ ಎಂದು ನೀನು ಬರೆದದ್ದನ್ನು ಓದಿದೆ. ನಾನು ಅಂಕ ಕೊಡುವುದು ಕೈಗಲ್ಲ, ತಲೆಗೆ. ಸಾಕಷ್ಟು ವೇಗವಿರುವಾಗಲೂ ರೆಕ್ಕೆ ಸ್ಟಾಲ್ ಆಗಿ ವಿಮಾನ ಬೀಳಬಹುದೇ ಎಂಬ ಪ್ರಶ್ನೆಗೆ ಮೂರು ಪರೀಕ್ಷೆಯಲ್ಲೂ ಅವಳದು ಒಂದೇ ಉತ್ತರ: ಇಲ್ಲ, ಎಪ್ಪತ್ತರ ಮೇಲಿದ್ದರೆ ಭಯವಿಲ್ಲ.

ನಾನು ಮಾಡದ ಸರ್ಕಸ್ ಇಲ್ಲ. ರಟ್ಟಿನ ರೆಕ್ಕೆ ಮಾಡಿ, ಮೇಲೆ ಉಣ್ಣೆಯ ಎಳೆಗಳನ್ನು ಅಂಟಿಸಿ, ಟೇಬಲ್ ಫ್ಯಾನಿನ ಮುಂದೆ ಹಿಡಿದೆ. ಮೂತಿ ಸ್ವಲ್ಪ ಎತ್ತಿದಾಗ ಎಳೆಗಳು ಸುಮ್ಮನೆ ಮಲಗಿದ್ದವು. ಇನ್ನಷ್ಟು ಎತ್ತಿದೆ, ಎಲ್ಲ ಕೆದರಿ ಎದ್ದವು. ಗಾಳಿ ರೆಕ್ಕೆಯನ್ನು ಬಿಟ್ಟುಹೋಯಿತು, ಇನ್ನು ರೆಕ್ಕೆ ನಿಮ್ಮನ್ನು ಹೊರಲಾರದು, ಇದೇ ಸ್ಟಾಲ್ ಎಂದೆ. ಫ್ಯಾನನ್ನು ಒಂದರಿಂದ ಮೂರಕ್ಕೆ ತಿರುಗಿಸಿ, ಅದೇ ಓರೆಯಲ್ಲಿ ಎಳೆಗಳು ಮತ್ತೆ ಕೆದರುವುದನ್ನು ತೋರಿಸಿದೆ. ವೇಗವಲ್ಲ, ಕೋನ ಎಂದು ಗಂಟಲು ಹರಿದುಕೊಂಡೆ. ಹಿಂದಿನ ಬೆಂಚಿನವನೊಬ್ಬ, ಮೇಡಂ, ಫ್ಯಾನ್ ಸ್ವಲ್ಪ ಈ ಕಡೆ ತಿರುಗ್ಸಿ, ಸೆಖೆ ಅಂದ. ಗುಬ್ಬಿ ನಗಲಿಲ್ಲ. ಅದು ರಟ್ಟು ಅಮ್ಮಾ, ನಮ್ಮ ವಿಮಾನಕ್ಕೆ ಎಪ್ಪತ್ತು ಸಾಕು ಅಂದಳು.

ನನಗೆ ಹೆದರಿಕೆಯಾಗುತ್ತದೆ, ಕೇಳು. ಇಳಿಯುವಾಗ ರನ್‌ವೇ ತಪ್ಪಿತು ಎಂದು ಗಾಬರಿಯಾಗಿ, ವಿಮಾನವನ್ನು ಪೂರಾ ಪಕ್ಕಕ್ಕೆ ವಾಲಿಸಿ ಸ್ಟಿಕ್ಕನ್ನು ಜಗ್ಗುತ್ತಾಳೆ ಎಂದಿಟ್ಟುಕೋ. ವೇಗದ ಮುಳ್ಳು ಎಪ್ಪತ್ತೆರಡು ತೋರಿಸುತ್ತಿರುತ್ತದೆ. ಆ ಮುಳ್ಳನ್ನು ನಂಬಿಕೊಂಡೇ ಬೀಳುತ್ತಾಳೆ. ಆಗ ಪಕ್ಕದ ಸೀಟಿನಲ್ಲಿ ನೀನಿರುವುದಿಲ್ಲ.

ಈ ಮಂತ್ರ ಉಪದೇಶಿಸಿದವರು ಯಾರು? ಕಾಕ್‌ಪಿಟ್ಟಿನಲ್ಲಿ ನೀನು ಉದುರಿಸುವ ಅಡ್ಡದಾರಿಯ ಸೂತ್ರಗಳು ನನಗೆ ಗೊತ್ತಿಲ್ಲವೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟವೂ ನಿನ್ನ ಕಡೆಯಿಂದಲೇ ಬಂದದ್ದು. ನೀನು ತುಂಬಿದ್ದನ್ನು ನೀನೇ ತೆಗೆ. ಅಲ್ಲಿಯವರೆಗೆ ನನ್ನ ಪೆನ್ನಿನ ಮುಚ್ಚಳ ತೆರೆಯುವುದಿಲ್ಲ.

ಇತಿ, ಸಹಿ ಹಾಕದ,
ಗುಬ್ಬಿಯ ಅಮ್ಮ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಗುಬ್ಬಿ ಬಂದಳು. ನನ್ನ ಬಾಯಿ ಮುಚ್ಚಿಸಲು ಆಧಾರ ತಂದಿದ್ದಳು: ಅಟ್ಟದ ಪೆಟ್ಟಿಗೆಯಲ್ಲಿ ಹಿಂದೆಯೇ ಸಿಕ್ಕಿ, ಅವಳು ಓದಿಕೊಂಡಿದ್ದ ನೋಟ್‌ಬುಕ್. ಪಾಠ ಮಾಡಲು ಶುರುಮಾಡಿದ ವರ್ಷ ನಾನು ಬರೆದುಕೊಂಡದ್ದು. ಹನ್ನೊಂದನೇ ಪುಟದಲ್ಲಿ, ಹಸಿರು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದು: ಎಪ್ಪತ್ತರ ಮೇಲಿದ್ದರೆ ಭಯವಿಲ್ಲ. ಬರೆದಿದ್ದು ನೀನೇ ತಾನೆ ಅಂದಳು. ಅಂಚಿನಲ್ಲಿ, ಅವಳು ಗಮನಿಸದಷ್ಟು ಮಾಸಿದ ನಿನ್ನ ಪೆನ್ಸಿಲ್ ಅಕ್ಷರ: ತಪ್ಪು, ಕೋನ ನೋಡು. ಅದರ ಕೆಳಗೆ ಮತ್ತೆ ನನ್ನ ಹಸಿರು ಶಾಯಿ: ನಿನ್ನ ಕೆಲಸ ನೋಡಿಕೋ. ಆಮೇಲೆ ನಾನು ಪಾಠ ತಿದ್ದಿಕೊಂಡೆ, ಪುಟ ತಿದ್ದಲಿಲ್ಲ, ನಿನಗೆ ಹೇಳಲೂ ಇಲ್ಲ. ಮೂರು ಕಾಲಿನ ಮೊಲ ನನ್ನದೇ. ಸೋಮವಾರ ಒಂಬತ್ತಕ್ಕೆ ತರಗತಿ ನೀನೇ ತೆಗೆದುಕೋ. ಫ್ಯಾನ್, ರಟ್ಟು ಮೇಜಿನ ಮೇಲಿರುತ್ತವೆ. ನಾನು ಗುಬ್ಬಿಯ ಪಕ್ಕ ಬೆಂಚಿನಲ್ಲಿ ಕೂತಿರುತ್ತೇನೆ.